ರಿವಾಲ್ವರ್ ಕಂಪನಿಗಳ ಹಳೆಯ ಹೆಸರನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ ವೆಬ್ಲಿ ಆಂಡ್ ಸ್ಕಾಟ್ ರಿವಾಲ್ವರ್ ಇದ್ದು, ಲೈಸೆನ್ಸ್ ಈಗ ನನ್ನ ಹೆಸರಿನಲ್ಲಿದೆ. ಚುನಾವಣೆಯ ಸಮಯದಲ್ಲಿ ಅದನ್ನು ಠಾಣೆಗೆ ಒಪ್ಪಿಸಲು ಹೋದಾಗ ನೋಡಿದವರೆಲ್ಲ, ಅಮೆರಿಕದ ಈಗಿನ ಕಾಲ್ಟ್ ಆಗಲಿ ಸ್ಮಿತ್ ಆಂಡ್ ವೆಸನ್ ಆಗಲಿ ಈ ಮಟ್ಟಕ್ಕೆ ಬರುವುದಿಲ್ಲ ಎನ್ನುತ್ತಾರೆ. ಹಳೆಯ ಕಂಪನಿಗಳ ಗುಣಮಟ್ಟ ನಿಜವಾಗಿ ಕುಸಿದಿದೆಯೇ?
– ಕೃಷಿಕರು, ಕಾರ್ಕಳ

ಉತ್ತರ: ಕೆಲವು ಕಾಲಘಟ್ಟಗಳಲ್ಲಿ ಕುಸಿದದ್ದು ನಿಜ, ಆದರೆ ಹಳೆಯದೆಲ್ಲ ಉತ್ತಮ, ಹೊಸದೆಲ್ಲ ಕಳಪೆ ಎಂಬುದು ನಿಜವಲ್ಲ. ಕುದುರೆ (ಗುಂಡನ್ನು ಸಿಡಿಸಲು ಬಡಿಯುವ ಭಾಗ) ಬೀಳುವ ಕ್ಷಣದಲ್ಲಿ, ಗುಂಡುಗಳನ್ನು ಹೊತ್ತು ತಿರುಗುವ ಸಿಲಿಂಡರಿನ ಪ್ರತಿಯೊಂದು ಕೋಣೆಯೂ ತನ್ನ ಸರದಿಯಲ್ಲಿ ನಳಿಗೆಗೆ ನೇರವಾಗಿ ನಿಂತು ಬಿಗಿಯಾಗಿರಬೇಕು; ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು ಸಾಮಾನ್ಯವಾಗಿ 0.1ರಿಂದ 0.2 ಮಿಲಿಮೀಟರಿನಷ್ಟು ಮಾತ್ರ ಇರಬೇಕು. ಹಿಂದೆ ಇದನ್ನು ನುರಿತ ಕೆಲಸಗಾರರು ಅರ ಹಿಡಿದು ಒಂದೊಂದಾಗಿ ಹೊಂದಿಸುತ್ತಿದ್ದರು. 1955ರಲ್ಲಿ ಬಂದ ಕಾಲ್ಟ್ ಪೈಥಾನ್ ಎಂಬ ರಿವಾಲ್ವರಿನ ಖ್ಯಾತಿಗೂ ಅದರ ದುಬಾರಿ ಬೆಲೆಗೂ ಆ ಕೈಕೆಲಸವೇ ಕಾರಣ. ಅಂಥ ಕೈಗಳು ನಿವೃತ್ತವಾಗುತ್ತ ಬಂದಂತೆ ಅದೇ ವಿಧಾನದಲ್ಲಿ ಅದೇ ಗುಣಮಟ್ಟ ಉಳಿಸಿಕೊಳ್ಳುವುದು ಯಾವ ಕಾರ್ಖಾನೆಗೂ ಸುಲಭವಲ್ಲ.

ಸ್ಮಿತ್ ಆಂಡ್ ವೆಸನಿನ ಕತೆ ಇನ್ನಷ್ಟು ಸ್ಪಷ್ಟ. 1965ರಲ್ಲಿ ಅದನ್ನು ಬ್ಯಾಂಗರ್ ಪುಂಟಾ ಎಂಬ ಬಹುಉದ್ಯಮ ಸಂಸ್ಥೆ ಕೊಂಡಿತು. 1987ರಲ್ಲಿ ಅದು ಬ್ರಿಟನ್ನಿನ ಟಾಮ್ಕಿನ್ಸ್ ಕಂಪನಿಯ ಕೈಸೇರಿತು. 2001ರಲ್ಲಿ ಟಾಮ್ಕಿನ್ಸ್ ಅದನ್ನು ಕೇವಲ 15 ದಶಲಕ್ಷ ಡಾಲರಿಗೆ, ಸಾಲದ ಹೊರೆಯ ಸಮೇತ, ಮಾರಿ ಕೈತೊಳೆದುಕೊಂಡಿತು. ಬ್ಯಾಂಗರ್ ಪುಂಟಾ ಕಾಲದ ರಿವಾಲ್ವರುಗಳ ಬಗ್ಗೆ ಒರಟು ಕೆಲಸದ ದೂರುಗಳು ಇಂದಿಗೂ ಕೇಳಿಬರುತ್ತವೆ, ಮತ್ತು 1982ರಲ್ಲಿ ನಳಿಗೆಯನ್ನು ಹಿಡಿದಿಡುತ್ತಿದ್ದ ಪಿನ್ನನ್ನು ಕೈಬಿಟ್ಟದ್ದನ್ನು ಸಂಗ್ರಾಹಕರು ಅವನತಿಯ ಗುರುತೆಂದೇ ಎಣಿಸುತ್ತಾರೆ. ಪಿನ್ನಿಲ್ಲದ ಮಾತ್ರಕ್ಕೆ ನಳಿಗೆ ಸಡಿಲವಾಗುವುದಿಲ್ಲ ಎಂಬುದು ಬೇರೆ ಮಾತು. 2000ದಲ್ಲಿ ಅಮೆರಿಕದ ಕ್ಲಿಂಟನ್ ಸರ್ಕಾರದೊಡನೆ ಸುರಕ್ಷತಾ ಒಪ್ಪಂದಕ್ಕೆ ಸಹಿ ಹಾಕಿದಾಗ, ಅದು ಬಂದೂಕು ನಿಯಂತ್ರಣಕ್ಕೆ ಮಣಿದಂತೆ ಎಂದು ಗ್ರಾಹಕರು ಕಂಪನಿಯನ್ನು ಬಹಿಷ್ಕರಿಸಿದರು. ಹೆಸರಿಗೆ ಬಿದ್ದ ಆ ದೊಡ್ಡ ಹೊಡೆತಕ್ಕೂ ಗುಣಮಟ್ಟಕ್ಕೂ ಸಂಬಂಧವೇ ಇರಲಿಲ್ಲ.

ಈಗ ಬಿಡಿಭಾಗಗಳನ್ನು ಗಣಕನಿಯಂತ್ರಿತ ಯಂತ್ರಗಳು ಕೊರೆಯುತ್ತವೆ, ಸಣ್ಣ ಭಾಗಗಳನ್ನು ಲೋಹದ ಪುಡಿಯನ್ನು ಅಚ್ಚಿಗೆ ತುಂಬಿ ಕಾಯಿಸಿ ತಯಾರಿಸುತ್ತಾರೆ. ಇದರಿಂದ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಡಿಮೆಯಾಗುತ್ತದೆ. ಆದರೆ ಯಂತ್ರವನ್ನು ನಂಬಿ ಕೊನೆಯ ತಪಾಸಣೆಯ ಜನರನ್ನು ಕಡಿಮೆ ಮಾಡಿದರೆ, ಕಾರ್ಖಾನೆಯಲ್ಲಿ ಹಿಡಿಯಬೇಕಾದ ದೋಷ ಕೊಂಡವರ ಕೈಯಲ್ಲಿ ಬಯಲಾಗುತ್ತದೆ. ಕಾಲ್ಟ್ 2020ರಲ್ಲಿ ಪೈಥಾನನ್ನು ಮರಳಿ ತಂದಾಗ ಮೊದಮೊದಲ ಕೆಲವು ರಿವಾಲ್ವರುಗಳಲ್ಲಿ ಸಿಲಿಂಡರ್ ತಿರುಗದೆ ನಿಂತ ದೂರುಗಳು ಬಂದವು.

ನಮ್ಮ ಹಳೆಯ ಮನೆಗಳ ಮಾಡಿನ ಮಂಗಳೂರು ಹೆಂಚಿನ ಮೇಲಿನ ಮುದ್ರೆ ಅದು ಯಾವ ಕಾರ್ಖಾನೆಯದೆಂದು ಹೇಳುತ್ತದೆಯೇ ಹೊರತು ಆ ಹೆಂಚು ಸರಿಯಾಗಿ ಬೆಂದಿದೆಯೇ ಎಂದು ಹೇಳುವುದಿಲ್ಲ. ರಿವಾಲ್ವರಿನ ಮೇಲಿನ ಹೆಸರೂ ಅಷ್ಟೇ. ಹೆಸರಿನ ಜೊತೆಗೆ ತಯಾರಾದ ವರ್ಷವನ್ನೂ ಆಗ ಒಡೆತನ ಯಾರದಿತ್ತು ಎಂಬುದನ್ನೂ ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೈಯಲ್ಲಿರುವ ಆ ಒಂದನ್ನೇ ಪರೀಕ್ಷಿಸಬೇಕು.

ಪ್ರಶ್ನೆ: ವೆಬ್ಲಿ ಈಗ ಭಾರತದಲ್ಲಿಯೇ ತಯಾರಾಗುತ್ತದೆಯಂತೆ. ಅದು ಹಳೆಯ ವೆಬ್ಲಿಯೇ?
– ಓದುಗರು, ಉಡುಪಿ

ಉತ್ತರ: ಹೆಸರು ಅದೇ, ಕಾರ್ಖಾನೆ ಬೇರೆ. ಬರ್ಮಿಂಗ್‌ಹ್ಯಾಮಿನ ಮೂಲ ಕಂಪನಿ 1979ರಲ್ಲಿಯೇ ಬಂದೂಕು ತಯಾರಿಕೆಯನ್ನು ನಿಲ್ಲಿಸಿತ್ತು. ಈಗಿನ ರಿವಾಲ್ವರುಗಳು ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲಿ ತಯಾರಾಗುತ್ತವೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ಅಳತೆಯ ಗುಂಡಿನ ರಿವಾಲ್ವರ್ ವೆಬ್ಲಿಯ ಹೆಸರನ್ನು ಹೊರದಿದ್ದರೂ ವೆಬ್ಲಿಯ ನಾಲ್ಕನೆಯ ಮಾದರಿಯ ವಿನ್ಯಾಸವನ್ನೇ ಅನುಸರಿಸಿದೆ ಎಂಬುದನ್ನೂ ನೆನಪಿಡಿ. ಆದ್ದರಿಂದ ಎರಡನ್ನೂ ಹೊಸ ತಯಾರಕರ ವಸ್ತುಗಳೆಂದೇ ಪರಿಗಣಿಸಿ. ಸಿಲಿಂಡರ್ ಅಲುಗುತ್ತದೆಯೇ, ಪ್ರತಿ ಕೋಣೆಯಲ್ಲೂ ಬಿಗಿಯಾಗಿ ನಿಲ್ಲುತ್ತದೆಯೇ ಎಂಬುದನ್ನು ಖಾಲಿ ಇರುವಾಗ ಪರವಾನಗಿ ಇರುವ ದುರಸ್ತಿಗಾರರಿಂದ ನೋಡಿಸಿ, ಆ ಮೇಲೆ ಹಣ ಕೊಡಿ. ಕಾರ್ಕಳದ ಓದುಗರೂ ತಮ್ಮ ಅಜ್ಜನ ರಿವಾಲ್ವರಿಗೆ ಈಗಿನ ಗುಂಡು ಹಾಕುವ ಮುನ್ನ ಇದೇ ಪರೀಕ್ಷೆಯನ್ನು ಮಾಡಿಸಲಿ.