ಸ್ಕೋರೇ ಬರೆದುಕೊಳ್ಳದವರ ಹೆಸರಲ್ಲಿ ಕಪ್ ಯಾಕೆ?

ಪತ್ರ: ಸಂಪಾದಕರೇ, ನಮ್ಮ ಡಿಸ್ಕ್ ಗಾಲ್ಫ್ (ಬುಟ್ಟಿಗೆ ಪ್ಲಾಸ್ಟಿಕ್ ತಟ್ಟೆ ಎಸೆಯುವ ಆಟ) ಬಳಗದ ಹಿರಿಯರೊಬ್ಬರು ತೀರಿಕೊಂಡರು. ನಾವು ಆಡುವ ಪಾರ್ಕಿನಲ್ಲಿ ಓಡಾಡಿ ಕೋರ್ಸ್, ಅಂದರೆ ಆಟದ ಅಂಗಳ, ಮಾಡಿಸಿದವರೇ ಅವರು. ಅವರ ನೆನಪಿಗೆ ಏನು ಮಾಡಬೇಕು ಅನ್ನೋದರಲ್ಲಿ ಈಗ ಎರಡು ಪಂಗಡ ಆಗಿದೆ. ವರ್ಷಕ್ಕೊಂದು ದೊಡ್ಡ ಟೂರ್ನಮೆಂಟ್, ಅವರ ಹೆಸರಿನ ಕಪ್, ಮೊದಲ ಟೀ (ಎಸೆತ ಶುರುಮಾಡುವ ಜಾಗ) ಪಕ್ಕ ಕಲ್ಲಿನ ಫಲಕ ಬೇಕು ಅನ್ನುವವರು ಒಂದು ಕಡೆ. ಆ ದುಡ್ಡಲ್ಲಿ ಕೋರ್ಸ್ ರಿಪೇರಿ ಮಾಡಿದರೆ ಸಾಕು ಅನ್ನುವವರು ಇನ್ನೊಂದು ಕಡೆ. ನಾನು ಮೊದಲ ಪಂಗಡದವನು. ಅಂಥ ಮನುಷ್ಯನನ್ನು ರಿಪೇರಿ ಕೆಲಸದಲ್ಲಿ ನೆನೆಯೋದು ಅವಮಾನ ಅಲ್ವಾ? ಫಲಕಕ್ಕೆ ಎರಡು ಸಾಲು ನೀವೇ ಬರೆದುಕೊಡಿ. (ಹೆಸರು ಬೇಡ ಎಂದ ಓದುಗರು)

ಉತ್ತರ: ಮೊದಲಿಗೆ, ನಿಮ್ಮ ಬಳಗದ ದುಃಖದಲ್ಲಿ ನಾವೂ ಇದ್ದೇವೆ.

ಮೇಲೆ ಹಾಕಿರುವುದು ನಿಮ್ಮ ಪತ್ರದ ಸಾರ ಮಾತ್ರ. ಮೂಲ ಪತ್ರ ನಾಲ್ಕು ಪುಟ. ಕಲ್ಲು ಯಾವ ಬಣ್ಣ, ಕಪ್ ಎಷ್ಟೆತ್ತರ, ಮುಖ್ಯ ಅತಿಥಿ ಯಾರು, ಎಲ್ಲ ವಿವರವಾಗಿ ಬರೆದಿದ್ದೀರಿ. ಆ ಹಿರಿಯರ ಬಗ್ಗೆ ಮಾತ್ರ ಮೂರೇ ಸಾಲು. ಬೇಜಾರು ಮಾಡಿಕೊಳ್ಳಬೇಡಿ, ಪತ್ರದ ಜೀವ ಇರೋದು ಆ ಮೂರು ಸಾಲಿನಲ್ಲೇ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಬಿದ್ದ ಕೊಂಬೆಗಳನ್ನು ಎಳೆದು ಹಾಕುತ್ತಿದ್ದರು. ಹೊಸ ಹುಡುಗರು ಬಂದರೆ ಕೊಡೋಕೆ ಅಂತ ಚೀಲದಲ್ಲಿ ಯಾವಾಗಲೂ ಒಂದೆರಡು ಹಳೆ ಪಟರ್ ಡಿಸ್ಕ್ (ಹತ್ತಿರದಿಂದ ಬುಟ್ಟಿಗೆ ಎಸೆಯುವಂಥದ್ದು) ಇಟ್ಟುಕೊಂಡಿರುತ್ತಿದ್ದರು. ತಮ್ಮ ಸ್ಕೋರ್ ಮಾತ್ರ ಯಾವತ್ತೂ ಬರೆದುಕೊಳ್ಳುತ್ತಿರಲಿಲ್ಲ. ಇಷ್ಟು ಬರೆದು, ಮುಂದಿನ ಸಾಲಿನಲ್ಲೇ ಅವರ ಹೆಸರಲ್ಲಿ ಕಪ್ ಬೇಕು ಅಂತೀರಲ್ಲ ಸ್ವಾಮಿ!

ಕಪ್ ಪಂಗಡದ ಮಾತಿನಲ್ಲೂ ನ್ಯಾಯ ಇದೆ. ಟೂರ್ನಮೆಂಟ್ ಮಾಡಿದರೆ ನಾಲ್ಕು ಜನ ಸೇರುತ್ತಾರೆ, ಹೆಸರು ಹೊಸಬರ ಕಿವಿಗೂ ಬೀಳುತ್ತದೆ. ಒಪ್ಪಿದೆ. ಆದರೆ ನನ್ನ ವೋಟು ಇನ್ನೊಂದು ಕಡೆಗೆ. ಯಾಕೆ ಅಂತ ಸ್ವಲ್ಪ ಸುತ್ತುಬಳಸಿ ಹೇಳುತ್ತೇನೆ, ಕೇಳಿ.

ಈ ಆಟ ನೋಡದ ಓದುಗರಿಗೆ ಒಂದು ಮಾತು. ಚೆಂಡಿಲ್ಲ, ಕೋಲಿಲ್ಲ, ನೆಲದಲ್ಲಿ ಗುಳಿಯಿಲ್ಲ. ಟೀ ಎನ್ನುವ ಜಾಗದಲ್ಲಿ ನಿಂತು ಪ್ಲಾಸ್ಟಿಕ್ ಡಿಸ್ಕ್ ಎಸೆಯಬೇಕು, ಅದು ಬಿದ್ದಲ್ಲಿಂದ ಮತ್ತೆ ಎಸೆಯಬೇಕು, ಕೊನೆಗೆ ಕಂಬಕ್ಕೆ ಇಳಿಬಿಟ್ಟ ಸರಪಳಿಗೆ ಬಡಿದು ಕೆಳಗಿನ ಬುಟ್ಟಿಗೆ ಬೀಳಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದರು. ಜಗತ್ತಿನಲ್ಲಿ ಈಗ 10,000ಕ್ಕೂ ಜಾಸ್ತಿ ಕೋರ್ಸ್‌ಗಳಿವೆ. ಬಹುಪಾಲು ಸಾರ್ವಜನಿಕ ಪಾರ್ಕುಗಳಲ್ಲಿವೆ, ಆಡೋಕೆ ದುಡ್ಡು ಕೊಡಬೇಕಿಲ್ಲ.

ಈ ಆಟದ ಇತಿಹಾಸದಲ್ಲಿ ಅಕ್ಕಪಕ್ಕ ನಿಲ್ಲುವ ಎರಡು ಘಟನೆಗಳಿವೆ. 1974ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಒಂದು ಟೂರ್ನಮೆಂಟ್ ನಡೆಯಿತು, ಅಮೆರಿಕನ್ ಫ್ಲೈಯಿಂಗ್ ಡಿಸ್ಕ್ ಓಪನ್ ಅಂತ. ಗೆದ್ದವರಿಗೆ ಹೊಸಾ ಡಾಟ್ಸನ್ ಕಾರು! ಆ ಊರಿನ ಒಂದು ಗುಂಪು ಆಗಲೇ ಕೆಲವು ವರ್ಷಗಳಿಂದ ತಮ್ಮಷ್ಟಕ್ಕೆ ಈ ಆಟ ಆಡಿಕೊಂಡಿತ್ತು, ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ಕಾರು ಇಟ್ಟಿತು. ಮರುವರ್ಷ, 1975ರಲ್ಲಿ, ಎಡ್ ಹೆಡ್ರಿಕ್ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಒಂದು ಕೋರ್ಸ್ ಮಾಡಿಸಿದರು. ಕಾರಿಲ್ಲ, ಏನಿಲ್ಲ. ನೆಲದಲ್ಲಿ ಹೂತ ಕಂಬಗಳು, ಅಷ್ಟೇ. ಆಟದ ಮೊದಲ ಶಾಶ್ವತ ಕೋರ್ಸ್ ಅದೇ ಅನ್ನುತ್ತಾರೆ. ಕಾರು ಯಾವತ್ತೋ ಗುಜರಿಗೆ ಹೋಗಿರಬೇಕು. ಓಕ್ ಗ್ರೋವ್‌ನಲ್ಲಿ ಜನ ಈಗಲೂ ಆಡುತ್ತಿದ್ದಾರೆ.

ಹೆಡ್ರಿಕ್ ಸಾಧು ಸಂತರೇನೂ ಆಗಿರಲಿಲ್ಲ. ಫ್ರಿಸ್ಬಿ ಮಾರುವ ವ್ಯಾಮ್-ಓ ಕಂಪನಿಯ ಮನುಷ್ಯ, ಪಕ್ಕಾ ವ್ಯಾಪಾರಿ. ಡಿಸ್ಕಿನ ಬೆನ್ನ ಮೇಲೆ ಉಂಗುರದಂಥ ಉಬ್ಬುಗೆರೆ ಹಾಕಿದರೆ ಅದು ಓಲಾಡದೆ ನೆಟ್ಟಗೆ ಹಾರುತ್ತದೆ ಅಂತ ತೋರಿಸಿ 1967ರಲ್ಲಿ ಪೇಟೆಂಟ್ ಪಡೆದವರು. ನನಗೆ ಇಷ್ಟವಾಗುವುದು ಅದಲ್ಲ, ಬುಟ್ಟಿಯ ಕಥೆ. ಬುಟ್ಟಿ ಬರೋ ಮೊದಲು, ಕಂಬಕ್ಕೆ ಡಿಸ್ಕ್ ತಾಗಿತೋ ಇಲ್ಲವೋ ಅಂತ ದಿನಾ ಜಗಳ. ದೂರದಿಂದ ಎಸೆದವನು ತಾಗಿತು ಅಂತಾನೆ, ಹತ್ತಿರ ನಿಂತವನು ಇಲ್ಲ ಅಂತಾನೆ. ಬೇರೆ ಯಾರಾದರೂ ಆಗಿದ್ದರೆ ಒಂದು ಶಿಸ್ತು ಸಮಿತಿ ಮಾಡುತ್ತಿದ್ದರು. ಹೆಡ್ರಿಕ್ ಮಗನ ಜೊತೆ ಕೂತು ಸರಪಳಿ ಜೋಡಿಸಿದರು. ಡಿಸ್ಕ್ ಬಂದು ಬಡಿದರೆ ಸರಪಳಿ ಅದರ ವೇಗ ನುಂಗಿಕೊಂಡು ಬುಟ್ಟಿಗೆ ಇಳಿಸುತ್ತದೆ. ಝಲ್ ಅನ್ನೋ ಸದ್ದು ಮೂರು ಟೀ ಆಚೆಗೂ ಕೇಳುತ್ತದೆ, ಇನ್ನು ವಾದಕ್ಕೆ ಜಾಗವೆಲ್ಲಿ? 1977ರಲ್ಲಿ ಅದಕ್ಕೂ ಪೇಟೆಂಟ್ ಬಂತು.

1976ರಲ್ಲಿ ಅವರು ಆಟಗಾರರ ಸಂಘ ಕಟ್ಟಿದರು, ಪಿಡಿಜಿಎ (ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್) ಅಂತ. ಅದರ ಒಂದನೇ ನಂಬರಿನ ಸದಸ್ಯರೂ ಅವರೇ. ಕೆಲವು ವರ್ಷ ಕಳೆದ ಮೇಲೆ ಸಂಘವನ್ನು ಆಟಗಾರರ ಕೈಗೇ ಒಪ್ಪಿಸಿಬಿಟ್ಟರು. ತಾನೇ ಕಟ್ಟಿದ ಸಂಘದ ಕುರ್ಚಿ ಬಿಟ್ಟು ಎದ್ದವರು ನಿಮ್ಮ ಕಣ್ಣಿಗೆ ಎಷ್ಟು ಜನ ಬಿದ್ದಿದ್ದಾರೆ ಹೇಳಿ. ಇವತ್ತು ಆ ಸಂಘದ ಸದಸ್ಯರ ನಂಬರ್ ಎರಡು ಲಕ್ಷ ದಾಟಿದೆ.

2002ರಲ್ಲಿ ಹೆಡ್ರಿಕ್ ತೀರಿಕೊಂಡರು. ಬದುಕಿದ್ದಾಗ ತಮಾಷೆಗೆ ಹೇಳುತ್ತಿದ್ದರು, ಫ್ರಿಸ್ಬಿಯನ್ನೇ ಧರ್ಮ ಅಂತ ನಂಬಿದವರು ಸತ್ತ ಮೇಲೆ ನರಕ ಗಿರಕ ಅಂತ ಅಲೆಯೋದಿಲ್ಲ, ಯಾವುದೋ ಮನೆ ಮಾಡಿನ ಮೇಲೆ ಹೋಗಿ ಬೀಳುತ್ತಾರೆ, ಅಲ್ಲೇ ಇರುತ್ತಾರೆ ಅಂತ. ತಮ್ಮ ಬೂದಿಯನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕ್ ಮಾಡಿ ಅನ್ನೋದು ಅವರ ಕೊನೆಯ ಆಸೆ. ಹಾಗೇ ಮಾಡಿದರು. ಕೆಲವು ಮನೆಯವರಿಗೆ, ಗೆಳೆಯರಿಗೆ ಹೋದವು, ಉಳಿದವನ್ನು ಆಟದ ಮ್ಯೂಸಿಯಂಗೆ ದುಡ್ಡು ಕೂಡಿಸೋಕೆ ಮಾರಿದರು. ಕೇಳಿ ಮುಖ ಸಿಂಡರಿಸಬೇಡಿ. ಸತ್ತ ಮೇಲೂ ಒಂದು ಕೆಲಸಕ್ಕೆ ಬರಬೇಕು ಅಂದುಕೊಂಡವರು ಅವರು. ನಿಮ್ಮ ಹಿರಿಯರೂ ಅದೇ ಜಾತಿಯವರು ಅಂತ ನಿಮ್ಮ ಮೂರು ಸಾಲು ಹೇಳುತ್ತಿದೆ.

ಇನ್ನು ಈ "ಅವಮಾನ"ದ ಮಾತು. ರಿಪೇರಿ ಅಂದರೆ ಕೀಳು ಕೆಲಸ ಅಂತ ನಮ್ಮ ತಲೆಗೆ ತುಂಬಿದವರು ಯಾರು? ಒಮ್ಮೆ ನಿಮ್ಮ ಕೋರ್ಸ್‌ನಲ್ಲಿ ಡಿಸ್ಕ್ ಕೆಳಗಿಟ್ಟು ಸುಮ್ನೆ ನೆಲ ನೋಡಿಕೊಂಡು ನಡೆಯಿರಿ. ಟೀ ಮುಂದೆ ಎಲ್ಲರೂ ಕಾಲೂರಿ ತಿರುಗುವ ಜಾಗದಲ್ಲಿ ಮಣ್ಣು ಸವೆದು ತಗ್ಗಾಗಿರುತ್ತದೆ, ಮಳೆ ಬಂದರೆ ಅಲ್ಲೇ ಜಾರಿ ಮೊಣಕಾಲು ಮುರಿದುಕೊಳ್ಳುವುದು. ಬುಟ್ಟಿ ಸುತ್ತ ಒಂದು ಹುಲ್ಲುಕಡ್ಡಿ ಇರೋದಿಲ್ಲ. ತುಳಿದೂ ತುಳಿದೂ ಹತ್ತಿರದ ಮರದ ಬೇರು ಮೇಲೆದ್ದು, ಅದರ ಸಿಪ್ಪೆ ಶೂ ತಾಗಿ ನುಣ್ಣಗಾಗಿರುತ್ತದೆ. ಇದಕ್ಕೆಲ್ಲ ಮದ್ದು ಇದೆ. ಬೇರಿನ ಸುತ್ತ ಮರದ ಚಕ್ಕೆ ಹರಡಬೇಕು. ಪ್ರತಿ ಬುಟ್ಟಿಗೂ ಎರಡು ಮೂರು ಜಾಗ ಗೊತ್ತುಮಾಡಿ ಆಗಾಗ ಬದಲಾಯಿಸಬೇಕು, ಬಿಟ್ಟ ನೆಲದಲ್ಲಿ ಹುಲ್ಲು ತಾನಾಗಿ ಬರುತ್ತದೆ. ಸವೆದ ಸರಪಳಿ ಕೊಂಡಿ ಬದಲಿಸಬೇಕು. ಯಾವುದೂ ದೊಡ್ಡ ಖರ್ಚಲ್ಲ. ಯಾರಾದರೊಬ್ಬರು ತಪ್ಪದೆ ಬರಬೇಕು, ಕಷ್ಟ ಇರೋದು ಅದೊಂದೇ. ಇಷ್ಟು ದಿನ ಆ ಒಬ್ಬರು ಇದ್ದರು, ಹಾಗಾಗಿ ಅದು ಕೆಲಸ ಅಂತಲೇ ನಿಮಗೆ ಕಾಣಿಸಿರಲಿಲ್ಲ.

ಇದು ಒಂದು ಪಾರ್ಕಿನ ಮಾತೂ ಅಲ್ಲ ಬಿಡಿ. ಕಟ್ಟುವಾಗ ಇರುವ ಹುರುಪು ಕಾಯುವಾಗ ಇರೋದಿಲ್ಲ, ಎಲ್ಲ ಕಡೆ ಅದೇ ಹಾಡು. ರಸ್ತೆಗೆ ಹೆಸರಿಡುತ್ತಾರೆ, ಅದೇ ರಸ್ತೆಯ ಗುಂಡಿ ಮುಚ್ಚೋರಿಲ್ಲ. ಲೈಬ್ರರಿಯಲ್ಲಿ ದಾನಿಯ ಫೋಟೋಗೆ ಹೊಸ ಚೌಕಟ್ಟು ಬರುತ್ತದೆ, ಕಪಾಟಿನ ಪುಸ್ತಕಕ್ಕೆ ಬೈಂಡು ಹಾಕಿಸೋಕೆ ಕಾಸಿಲ್ಲ ಅಂತಾರೆ. ಕ್ರೀಡಾಪುಟ ತೆಗೆದು ನೋಡಿ, ಪಿಚ್ ಸಿದ್ಧ ಮಾಡಿದವರ ಮಾತು ಬರೋದು ಪಿಚ್ ಕೆಟ್ಟ ದಿನ ಮಾತ್ರ. ಮತ್ತೆ ಈ ಸ್ಮರಣಾರ್ಥ ಟೂರ್ನಮೆಂಟ್‌ಗಳ ಗತಿಯೂ ನಿಮಗೆ ಗೊತ್ತಿಲ್ಲದ್ದೇನಲ್ಲ. ಮೊದಲ ವರ್ಷ ಶಾಮಿಯಾನ, ಭಾಷಣ, ಫೋಟೋ. ಎರಡನೇ ವರ್ಷ ಕಪ್ ಚಿಕ್ಕದಾಗುತ್ತದೆ. ಮೂರನೇ ವರ್ಷ ಪ್ರಾಯೋಜಕರ ಹೆಸರು ದಪ್ಪ ಅಕ್ಷರದಲ್ಲಿ, ತೀರಿಕೊಂಡವರ ಹೆಸರು ಕೆಳಗೆಲ್ಲೋ ಮೂಲೆಯಲ್ಲಿ. ಸ್ವಲ್ಪ ಜಾಸ್ತಿ ಕಹಿಯಾಗಿ ಬರೆದೆ ಅನ್ನಿಸಿದರೆ ಅನ್ನಿಸಲಿ.

ಕೆನಡಾದ ಬ್ಲಾಡ್‌ವರ್ತ್ ಎಂಬ ಸಣ್ಣ ಊರಲ್ಲಿ 1926ರಷ್ಟು ಹಿಂದೆಯೇ ಶಾಲಾ ಹುಡುಗರು ಡಬ್ಬಿಯ ತಗಡು ಮುಚ್ಚಳ ಎಸೆದು ಇಂಥದ್ದೇ ಆಟ ಆಡಿದ್ದರಂತೆ. ಒಂದು ಸುತ್ತನ್ನೂ ಹಾಕಿಕೊಂಡಿದ್ದರು. ಆಮೇಲೆ ಆ ಆಟ ಅಲ್ಲೇ ನಿಂತುಹೋಯಿತು. ಹುಡುಗರು ಜಾಣರೇ, ಆಟವೂ ಚೆನ್ನಾಗಿಯೇ ಇದ್ದಿರಬೇಕು. ಮುಂದಕ್ಕೆ ನೋಡಿಕೊಳ್ಳುವವರು ಸಿಗಲಿಲ್ಲ.

ಹಾಗಾಗಿ ಫಲಕಕ್ಕೆ ಎರಡು ಸಾಲು ಬರೆದುಕೊಡಿ ಅಂದಿರಲ್ಲ, ಕೊಡೋದಿಲ್ಲ. ಅದರ ಬದಲು ನೀವೇ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಬಳಗದ ಹಳಬರನ್ನು ಕೂರಿಸಿಕೊಂಡು, ತೀರಿಕೊಂಡ ಆ ಹಿರಿಯರು ಯಾವ ಬುಟ್ಟಿಯನ್ನು ಎಲ್ಲೆಲ್ಲಿ ಇಡುತ್ತಿದ್ದರು, ಮಳೆಗಾಲಕ್ಕೆ ಮುಂಚೆ ಏನು ಮಾಡಿಸುತ್ತಿದ್ದರು, ಪಾರ್ಕಿನ ಕಚೇರಿಯಲ್ಲಿ ಯಾರ ಹತ್ತಿರ ಹೇಗೆ ಮಾತಾಡಿ ಅನುಮತಿ ತರುತ್ತಿದ್ದರು, ಯಾವ ಮರ ಮುಟ್ಟಬೇಡಿ ಅಂತಿದ್ದರು, ಎಲ್ಲ ಕೇಳಿ ಬರೆಯಿರಿ, ಯಾಕೆಂದರೆ ಈ ವಿಷಯ ಈಗ ಅಲ್ಲೊಬ್ಬರು ಇಲ್ಲೊಬ್ಬರ ತಲೆಯಲ್ಲಿ ಚೂರುಚೂರಾಗಿ ಉಳಿದಿದೆ, ಇನ್ನೊಂದು ವರ್ಷ ಬಿಟ್ಟರೆ ಅದೂ ಇರೋದಿಲ್ಲ. ಆ ಪಟರ್ ಡಿಸ್ಕ್‌ಗಳ ಚೀಲ ಯಾರ ಮನೆಯಲ್ಲಿದೆ ವಿಚಾರಿಸಿ. ಟೂರ್ನಮೆಂಟ್ ಬೇಕೇ ಬೇಕು ಅಂತ ನಿಮ್ಮ ಪಂಗಡ ಹಟ ಹಿಡಿದರೆ ಮಾಡಿ, ಯಾರು ಬೇಡ ಅಂದರು? ಪ್ರವೇಶ ಶುಲ್ಕದ ಬದಲು ಒಬ್ಬೊಬ್ಬರಿಗೂ ಅರ್ಧ ದಿನದ ಕೆಲಸ ಅಂತ ಇಡಿ. ಮುಖ್ಯ ಅತಿಥಿಗೂ ಒಂದು ಗುದ್ದಲಿ ಕೊಡಿ.

ನೋಟ್‌ಬುಕ್ ತುಂಬಿದ ಮೇಲೆ ಅದರ ಒಂದು ಪ್ರತಿ ನಮಗೂ ಕಳಿಸಿ. ಎರಡು ಪುಟ ಬಿಟ್ಟಿರುತ್ತೇವೆ. ಕಪ್ ಹಿಡಿದು ನಿಂತವರ ಫೋಟೋ ಮಾತ್ರ ಬೇಡ.

ಸಂ.