ಕುದಿಸಿದರೆ ಫ್ಲೋರೈಡ್ ಹೋಗಲ್ಲ

ನಮಸ್ಕಾರ ಅಕ್ಕಾರೆ. ಕುಷ್ಟಗಿ ಹತ್ತಿರದ ನಿಮ್ಮೂರಿನ ಬೋರ್‌ವೆಲ್ ನೀರನ್ನು ಕುದಿಸಿ ಮಗಳಿಗೆ ಕೊಟ್ಟರೆ ಅದರಲ್ಲಿರುವ ಫ್ಲೋರೈಡ್, ಅಂದರೆ ಹೆಚ್ಚಾದರೆ ಹಲ್ಲು ಕೆಡಿಸುವ ಖನಿಜಾಂಶ, ಹೋಗುತ್ತಾ ಅಂತ ಕೇಳಿದ್ದೀರಿ. ಹೋಗಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಅಲ್ಲೇ ಉಳಿಯುತ್ತೆ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತೆ. ಕೊಪ್ಪಳ, ರಾಯಚೂರು ಸೀಮೆಯಲ್ಲಿ ಇದು ನೆಲದೊಳಗಿನ ಕಲ್ಲಿನಿಂದಲೇ ಕರಗಿ ಬರುವಂಥದ್ದು. ಬಣ್ಣವಿಲ್ಲ, ವಾಸನೆಯಿಲ್ಲ.

ಟಿಡಿಎಸ್ ಮೀಟರ್ ಅದ್ದಿ "ನೀರು ಚಲೋ ಐತ್ರಿ" ಅನ್ನುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತೆ. ಅದು ಕರಗಿದ ಲವಣಗಳ ಒಟ್ಟು ಅಂದಾಜು ಕೊಡುತ್ತೆ, ಅದರಲ್ಲಿ ಫ್ಲೋರೈಡ್ ಎಷ್ಟು ಅಂತ ಹೇಳಲ್ಲ. ದೇಶದ ಗುಣಮಟ್ಟ ನಿಗದಿ ಮಾಡುವ ಸಂಸ್ಥೆ ಬಿಐಎಸ್ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಕೇಳಿ, ಇಲ್ಲವೇ ಜಿಲ್ಲಾ ಕುಡಿಯುವ ನೀರಿನ ಲ್ಯಾಬಿಗೆ ಒಂದು ಬಾಟಲಿ ಕಳಿಸಿ.

ಮಗಳಿಗೆ ಐದು ವರ್ಷ ಅಂದಿರಿ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಎಂಟರ ತನಕ ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುತ್ತಿರುತ್ತವೆ. ಫ್ಲೋರೈಡ್ ಹೆಚ್ಚಾಗಿ ಈಗ ಆ ಹಲ್ಲುಗಳಿಗೆ ಬೀಳುವ ಕಲೆ ತಾನಾಗಿ ಹೋಗಲ್ಲ. ಪರೀಕ್ಷೆಯಲ್ಲಿ ಹೆಚ್ಚು ಬಂದರೆ ಆರ್‌ಒ ನೀರು (ಸೂಕ್ಷ್ಮ ಪೊರೆಯಲ್ಲಿ ಸೋಸಿದ್ದು) ತನ್ನಿ, ಇಲ್ಲವೇ ಶುದ್ಧವಾಗಿ ಹಿಡಿದಿಟ್ಟ ಮಳೆನೀರನ್ನು ಕುದಿಸಿ ಕೊಡಿ. ಅಡುಗೆಗೂ ಚಹಾಕ್ಕೂ ಅದೇ ನೀರಿರಲಿ. ಸ್ನಾನಕ್ಕೆ, ಬಟ್ಟೆಗೆ ಬೋರ್ ನೀರು ನಡೆಯುತ್ತೆ.