ಸ್ಮಾರ್ಟ್ ಸಿಟಿ ತಂತ್ರಜ್ಞಾನದಿಂದ ಕಲಬುರಗಿಯಂಥ ಊರಲ್ಲಿ ವಾಹನಗಳ ಹೊಗೆ ಕಡಿಮೆ ಆಗುತ್ತಾ?

ಖಂಡಿತ ಆಗುತ್ತದೆ. ನನ್ನ ಪ್ರಕಾರ ಮೊದಲು ಸಿಟಿ ಬಸ್ಸಿನಿಂದ ಶುರು ಮಾಡಬೇಕು.

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಬಸ್ಸಿಗೆ ನಿಂತವರನ್ನೇ ನೋಡಿ. ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಬಸ್ ಐದು ನಿಮಿಷಕ್ಕೆ ಬರುತ್ತೋ, ಅರ್ಧ ಗಂಟೆಗೋ ಗೊತ್ತಿಲ್ಲದಿದ್ದರೆ ಯಾರು ಕಾಯ್ತಾರೆ? ಆಟೋ ಹತ್ತುತ್ತಾರೆ, ಮರುದಿನ ಬೈಕ್ ತೆಗೆಯುತ್ತಾರೆ. ಬಸ್ಸಿಗೆ ಜಿಪಿಎಸ್ ಹಾಕಿ, ಅದು ಎಲ್ಲಿದೆ ಅಂತ ಮೊಬೈಲ್‌ನಲ್ಲೂ ನಿಲ್ದಾಣದ ಬೋರ್ಡಿನಲ್ಲೂ ತೋರಿಸಿದರೆ ಜನ ಸರಿಯಾದ ಹೊತ್ತಿಗೆ ಬಂದು ಹತ್ತುತ್ತಾರೆ. ಬೆಂಗಳೂರಿನ ನಮ್ಮ ಬಿಎಂಟಿಸಿ ಆ್ಯಪ್ ಮಾಡುವುದು ಇದೇ ಕೆಲಸ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಬೈಕ್ ಮನೆಯಲ್ಲೇ ಉಳಿದಷ್ಟೂ ಒಳ್ಳೆಯದು, ಅಲ್ವಾ?

ಯಾವ ಹೊತ್ತಿಗೆ ಎಲ್ಲಿ ಜನ ಜಾಸ್ತಿ ಅನ್ನುವ ಲೆಕ್ಕ ಟಿಕೆಟ್ ಮಷಿನ್‌ನಲ್ಲೇ ಸಿಗುತ್ತದೆ. ಅದನ್ನು ನೋಡಿ ಬಸ್ ಬಿಟ್ಟರೆ ಖಾಲಿ ಓಡಾಟ ತಪ್ಪಿ ಡೀಸೆಲ್ ಉಳಿಯುತ್ತದೆ.

ಆಮೇಲೆ ಸಿಗ್ನಲ್. ಕ್ಯಾಮೆರಾ ವಾಹನ ಎಣಿಸಿ ಹಸಿರು ದೀಪದ ಸಮಯವನ್ನು ತಾನೇ ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆ ಇದೆ. ಜಗತ್ ಸರ್ಕಲ್‌ನಂಥ ಕಡೆ ಸುಮ್ನೆ ಇಂಜಿನ್ ಉರಿಸುತ್ತ ನಿಲ್ಲುವ ಹೊತ್ತು ಇದರಿಂದ ಇಳಿಯುತ್ತದೆ.

ಕೇಂದ್ರದ ಸ್ಮಾರ್ಟ್ ಸಿಟಿ ಪಟ್ಟಿಯಲ್ಲಿ ಕಲಬುರಗಿ ಇಲ್ಲ. ಆದರೆ ಬಸ್ಸಿನ ಕೆಲಸಕ್ಕೆ ಆ ಪಟ್ಟಿಯೇ ಬೇಕಂತಿಲ್ಲ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಮುಖ್ಯ ಕಚೇರಿ ಇರುವುದೇ ನಮ್ಮೂರಲ್ಲಿ.